ತಂತಿಯಾಚೆಯ ಚಿಗುರು

ಒಂದು ಸಲ ತಿಂದರೆ ಚಿಗುರುತ್ತೆ, ಚಿಗುರಿದ ಕೂಡಲೇ ತಿಂದರೆ ಸಾಯುತ್ತೆ, ಅಷ್ಟಾದರೂ ಎದುರು ಮಾತಾಡುತ್ತೆ. ಏನದು? ನಿಮಗೆ ಹೊಳೆಯಲ್ಲ, ಬಿಡಿ.

ಕ್ಯಾತಪ್ಪ ದನ ಮೇಯಿಸುವ ತನ್ನ ಕಾವಲಿಗೆ ತಂತಿ ಎಳೆದು ಭಾಗ ಮಾಡಿ, ಒಂದು ಭಾಗ ಮೇಯಿಸಿದ ಮೇಲೆ ದನಗಳನ್ನು ಮುಂದಿನದಕ್ಕೆ ಹೊಡೆಯುತ್ತಿದ್ದ. ಎದುರಿಗೆ ಮೊಣಕಾಲುದ್ದ ಹುಲ್ಲಿದ್ದರೂ ಕೆಂದಿ ಹಸುವಿಗೆ ಹಿಂದೆ ಬಿಟ್ಟುಬಂದ ಭಾಗದ ಗರಿಕೆಯ ಎಳೇ ಚಿಗುರಿನದೇ ಆಸೆ. ತಂತಿಯಡಿ ಕತ್ತು ತೂರಿಸಿತು.

"ತಡಿಯಕ್ಕಾ," ಎಂದಿತು ಗರಿಕೆ. "ಬೇರಿನ ಬುತ್ತಿಯೆಲ್ಲ ಬಿಚ್ಚಿ ಚಿಗುರಿದ್ದೀನಿ. ಈಗ ಕಚ್ಚಿದರೆ ಸತ್ತೇ ಹೋಗ್ತೀನಿ."

"ಇದು ಕಾವಲು ಕಣೇ. ಇರೋದೇ ಮೇಯೋಕೆ."

"ಕಾವಲು ಅಂದರೆ ಕಾಯೋದು ಅಂತಲೂ ಅಲ್ಲವೇನಕ್ಕಾ?"

ಕೆಂದಿ ನಾಚಿ ಕತ್ತು ಹಿಂದಕ್ಕೆಳೆದುಕೊಂಡಿತು.

ಈ ನಾಚಿದ್ದೊಂದು ಮಾತ್ರ ಕಟ್ಟುಕತೆ. ನಿಜ ಏನೆಂದು ಗರಿಕೆಯನ್ನೇ ಕೇಳೋಣವೆಂದರೆ, ಅದು ಈಗಿಲ್ಲ.