ದೇಸಾಯರ ನೆತ್ತಿಯ ಸುಳಿ
ಕುದುರೆ ಮಾರುವ ದಾವಲಸಾಬನ ಲಾಯಕ್ಕೆ ದೇಸಾಯರು ಹೆಂಡತಿಯ ಸಮೇತ ಬಂದರು. ಕಾಠೇವಾಡಿ ಬೇಡ, ಮಾರವಾಡಿ ಬೇಡ, ಕೊನೆಗೆ ಬಿಳಿಯ ಭೀಮಥಡಿ ಕುದುರೆ ಹಿಡಿಸಿತು. ಆದರೆ ಬೆಲೆ ಇಳಿಸಬೇಕಲ್ಲ! ಅದರ ಎದೆಯ ರೋಮ ತಡವಿ ಮುಖ ಸಿಂಡರಿಸಿದರು.

"ಇಲ್ಲಿ ಕೆಟ್ಟ ಸುಳಿ ಐತಿ. ಕೊಂಡವರ ಮನಿ ಹಾಳು. ಅರ್ಧಾ ರೊಕ್ಕಕ್ಕ ಕೊಡು."

"ಖರೆ ಧಣ್ಯಾರ," ಎಂದ ದಾವಲಸಾಬ. "ಆದ್ರ ಕುದುರೀನೂ ನಿಮ್ಮ ಸುಳಿ ನೋಡಬೇಕಲ್ರೀ. ರುಮಾಲು ತಗೀರಿ."

ದೇಸಾಯರು ನಗುತ್ತ ತೆಗೆದರು. ಕುದುರೆ ಅವರ ನೆತ್ತಿಯನ್ನು ಎರಡು ಸಲ ಮೂಸಿತು.

"ಎರಡು ಸುಳಿ ಅದಾವಂತ್ರೀ! ಅಂದ್ರ ಎರಡು ಮದಿವಿ!"

ಹೆಂಡತಿ ಸೆರಗು ಸಿಕ್ಕಿಸಿದರು. "ಇನ್ನೊಬ್ಬಾಕಿ ಯಾರ್ರೀ?"

"ಸುಳಿ ನಂಬೂದು ಬರೇ ಹುಚ್ಚುತನ!" ದೇಸಾಯರು ಬೆವರಿದರು.

"ಹಂಗಾದ್ರ ಪೂರಾ ರೊಕ್ಕ ಕೊಡ್ರಿ," ಎಂದ ದಾವಲಸಾಬ.

"ಕೊಟ್ಟುಬಿಡ್ರಿ," ಎಂದರು ಹೆಂಡತಿ. "ಇಂಥಾ ಕುದುರಿ ನಮ್ಮ ಮನ್ಯಾಗ ಇರಬೇಕು."