ಕೊಕ್ಕರೆ ಒಪ್ಪಿದ ಮಸೂದೆ

ಕೆರೆಯ ಕಪ್ಪೆಗಳಿಗೂ ಒಂದು ನಗರಸಭೆಯಿತ್ತು. ಕಾಡಿನಿಂದ ಆನೆಯ ಸರ್ಕಾರ ಮಸೂದೆ ಕಳಿಸಿದಾಗಲೆಲ್ಲ ಈ ಸಭೆ ಬೆಂಬಲವೋ ವಿರೋಧವೋ ತಿಳಿಸಬೇಕು. ಕೆರೆ ವಿರೋಧಿಸಿದ ಕಾನೂನು ಆ ಕೆರೆಗೆ ಅನ್ವಯಿಸದು. ಅಷ್ಟನ್ನೆಲ್ಲ ಕೂತು ಓದುವವರು ಯಾರು? ಕಪ್ಪೆಗಳನ್ನು ತಿಂದು ಬದುಕುವ ಕೊಕ್ಕರೆಯೊಂದು ದಡದಲ್ಲಿತ್ತು. ಅದು ಒಪ್ಪಿದ್ದನ್ನು ವಿರೋಧಿಸುವುದು, ವಿರೋಧಿಸಿದ್ದನ್ನು ಒಪ್ಪುವುದು, ಇದೇ ಸಭೆಯ ಪದ್ಧತಿ. ಹಗೆಗೆ ಹಿತವಾದದ್ದು ನಮಗೆ ಹಿತವಾದೀತೇ?

ಒಂದು ಬೆಳಿಗ್ಗೆ ಗಿಳಿ ಹೊಸ ಮಸೂದೆ ತಂದು, ವಾಡಿಕೆಯಂತೆ ಮೊದಲು ದಡದ ಕೊಕ್ಕರೆಗೆ ಓದಲು ಕೊಟ್ಟು, ಆಮೇಲೆ ಸುತ್ತಿ ಸಭೆಗೆ ಒಪ್ಪಿಸಿತು. ಅಧ್ಯಕ್ಷ ಕಪ್ಪೆ ಅದನ್ನು ಬಿಚ್ಚದೆಯೇ ದಡದತ್ತ ಕೂಗಿ ಕೇಳಿತು: "ಕೊಕ್ಕರೆಯವರೇ, ಇದಕ್ಕೆ ತಾವೇನನ್ನುತ್ತೀರಿ?"

"ಬಹಳ ಒಳ್ಳೆಯ ಮಸೂದೆ, ಅಧ್ಯಕ್ಷರೇ. ನನ್ನ ಸಂಪೂರ್ಣ ಬೆಂಬಲವಿದೆ."

"ಕೇಳಿದಿರಲ್ಲ! ನಮ್ಮದು ವಿರೋಧ!" ಎಂದಿತು ಅಧ್ಯಕ್ಷ ಕಪ್ಪೆ. ಸಭೆಯೆಲ್ಲ ವಟಗುಟ್ಟಿ ಅನುಮೋದಿಸಿತು.

ಸದಸ್ಯನಾಗಿದ್ದ ಏಡಿ ಮಾತ್ರ ಗೊಣಗಿತು: "ಸ್ವಾಮಿ, ಒಮ್ಮೆ ಓದಿಬಿಡಬಹುದಿತ್ತು."

"ಕೊಕ್ಕರೆ ಓದಿದೆಯಲ್ಲ, ಸಾಕು ಬಿಡಿ."

ಗಿಳಿ ವಿರೋಧದ ಸುದ್ದಿ ಹೊತ್ತು ಹಾರಿಹೋಯಿತು. ಏಡಿ ತಡೆಯಲಾರದೆ ಮಸೂದೆ ಬಿಚ್ಚಿ ಗಟ್ಟಿಯಾಗಿ ಓದಿತು: "ಇನ್ನು ಮುಂದೆ ಯಾವ ಕೊಕ್ಕರೆಯೂ ಕೆರೆಗೆ ಇಳಿಯತಕ್ಕದ್ದಲ್ಲ."

ಅಷ್ಟರಲ್ಲಿ ಊಟದ ಹೊತ್ತಾಗಿ ಕೊಕ್ಕರೆ ಎಂದಿನಂತೆ ನೀರಿಗಿಳಿದಿತ್ತು.

"ಇದು ಮೋಸ!" ಎಂದು ಅಧ್ಯಕ್ಷ ಕಪ್ಪೆ ಚೀರಿತು. "ತಾವು ಇದನ್ನು ಬೆಂಬಲಿಸಿದ್ದಿರಿ!"

"ಈಗಲೂ ಬೆಂಬಲಿಸುತ್ತೇನೆ, ಅಧ್ಯಕ್ಷರೇ. ಆದರೆ ಏನು ಮಾಡಲಿ? ತಮ್ಮ ಸಭೆಯ ತೀರ್ಮಾನಕ್ಕೆ ತಲೆಬಾಗಲೇಬೇಕಲ್ಲ," ಎಂದ ಕೊಕ್ಕರೆ, ಅಧ್ಯಕ್ಷರ ಎದುರು ವಿನಯದಿಂದ ಕೊಕ್ಕು ಬಾಗಿಸಿತು.