ಐದು ಹಸಿರು ಬೊಟ್ಟು

ಹತ್ತಿರ ಬನ್ನಿ, ಕೂತುಕೊಳ್ಳಿ. ನಗು ಬಂದರೆ ನಕ್ಕುಬಿಡಿ, ಈ ಕತೆಯ ಕೆಂಚೀರ ಏನೂ ಬೇಜಾರು ಮಾಡಿಕೊಳ್ಳುವವನಲ್ಲ.

ಚನ್ನಪಟ್ಟಣದ ಕಡೆ ಒಂದೂರು. ಅಲ್ಲಿ ದೊಡ್ಡತಾಯಮ್ಮ, ಅವಳಿಗೆ ಕೆಂಚೀರ ಅಂತ ಒಬ್ಬನೇ ಮಗ. ಆಳು ಆರಡಿ, ಮನಸ್ಸು ಹಾಲು, ಬುದ್ಧಿ ಮಾತ್ರ ದೇವರು ಕೊಡೋಕೆ ಮರೆತಿದ್ದ. ಊರಿನ ರೇಷ್ಮೆಗೂಡೆಲ್ಲ ರಾಮನಗರದ ಮಾರುಕಟ್ಟೆಗೆ ಹೋಗುತ್ತಿದ್ದದ್ದು ಅವನ ಟೆಂಪೊದಲ್ಲೇ. ಗೂಡು ಹೊತ್ತಿಗೆ ಸರಿಯಾಗಿ ಹರಾಜಿಗೆ ಸೇರಬೇಕು. ದಿನ ಮೀರಿದರೆ ಒಳಗಿನ ಹುಳ ಚಿಟ್ಟೆಯಾಗಿ ಗೂಡು ತೂತು ಮಾಡಿಬಿಡುತ್ತದೆ. ಆಮೇಲೆ ಅದನ್ನು ಯಾರೂ ಮೂಸಿ ನೋಡುವುದಿಲ್ಲ.

ಟೆಂಪೊ ಹಳೆಯದು. ದಾರಿಯಲ್ಲಿ ಕೆಡದಿರಲಿ ಅಂತ ಮೆಕ್ಯಾನಿಕ್ ಖಲೀಲ್ ಸಾಬರು ನಾಲ್ಕು ಚಕ್ರಕ್ಕೆ ನಾಲ್ಕು, ಎಂಜಿನ್ನಿಗೊಂದು ಸೆನ್ಸರ್ ಹಾಕಿಕೊಟ್ಟರು. ತಂತಿ ಇಲ್ಲ, ಗಿಂತಿ ಇಲ್ಲ. ಎಲ್ಲ ನೆಟ್ಟಗಿದ್ದರೆ ಕೆಂಚೀರನ ಫೋನಿನಲ್ಲಿ ಐದು ಹಸಿರು ಬೊಟ್ಟು. ಏನಾದರೂ ಕೆಟ್ಟರೆ ಬೊಟ್ಟು ಕೆಂಪಾಗಿ ಫೋನು ಕಿರುಚಿಕೊಳ್ಳುತ್ತದೆ.

"ಫೋನು ಕಿರುಚ್ತು ಅಂದ್ರೆ ಗಾಡಿ ಅಲ್ಲೇ ನಿಲ್ಸು ಕಣ್ಲಾ!" ಅಂದಳು ಅವ್ವ.

"ಆಯ್ತವ್ವ!"

ಫೋನು ಕಿರುಚಿತು. ಕೆಂಚೀರ ಅಲ್ಲೇ ನಿಲ್ಲಿಸಿದ. ಅಲ್ಲೇ ಅಂದರೆ ರೈಲು ಹಳಿಯ ಮೇಲೆ! ಗೇಟಿನವನು ಬಾಯಿ ಬಡಿದುಕೊಂಡು ಓಡಿಬಂದ. ನಾಲ್ಕು ಜನ ಸೇರಿ ತಳ್ಳಿದರು, ಪುಣ್ಯಕ್ಕೆ ಉಳಿದ.

"ಅಯ್ಯೋ ಪೆದ್ದೇ! ಒಳ್ಳೆ ನೆಳ್ಳು ನೋಡಿ ನಿಲ್ಸೋದಲ್ವೇನ್ಲಾ?"

"ಆಯ್ತವ್ವ, ಹಂಗೇ ಮಾಡ್ತೀನಿ!"

ಎರಡನೇ ಸಲ ಮುಂದಿನ ಚಕ್ರದ ಗಾಳಿ ಇಳಿಯಿತು. ಫೋನು ಕಿರುಚಿತು. ಕೆಂಚೀರ ನೆರಳು ಹುಡುಕಿದ. ಜಾಲಿ ಮರ ಸಿಕ್ಕಿತು, ನೆರಳು ತೆಳ್ಳಗಿತ್ತು. ಹುಣಸೆ ಮರ ಸಿಕ್ಕಿತು, ಅಲ್ಲಿ ಯಾರೋ ಎಮ್ಮೆ ಕಟ್ಟಿದ್ದರು. ಮೂರು ಮೈಲಿ ಆಚೆ ಒಳ್ಳೆ ಆಲದ ಮರ ಸಿಕ್ಕಿತು. ಅಷ್ಟು ಹೊತ್ತಿಗೆ ಟೈರು ಚಿಂದಿ!

"ಅಯ್ಯೋ ನನ್ನ ಕರ್ಮವೇ! ಬೊಟ್ಟು ಕೆಂಪಾದ್ರೆ ಗಾಳಿ ಹಾಕ್ಬೇಕು ಕಣ್ಲಾ, ಗಾಳಿ!"

"ಆಯ್ತವ್ವ!"

ಇನ್ನೊಂದು ಸಲ ಎಂಜಿನ್ ಕಾದು ಅದರ ಬೊಟ್ಟು ಕೆಂಪಾಯಿತು. ಕೆಂಚೀರ ಬಾನೆಟ್ ಎತ್ತಿದ. ಹುಳ ಗೂಡು ಕಟ್ಟುವ ಬಿದಿರಿನ ಅಗಲ ತಟ್ಟಿ, ಚಂದ್ರಿಕೆ, ಒಂದು ಗಾಡಿಯಲ್ಲಿತ್ತು, ಅದನ್ನೇ ಹಿಡಿದು ಗಾಳಿ ಬೀಸಿದ. ಬೀಸಿದ, ಬೀಸಿದ, ರಟ್ಟೆ ಬಿದ್ದುಹೋಗುವ ತನಕ ಬೀಸಿದ. ಎಂಜಿನ್ ಆರಿಸು ಅಂತ ಅವನಿಗೆ ಯಾರೂ ಹೇಳಿರಲಿಲ್ಲ! ಹರಾಜು ಮುಗಿದೇ ಹೋಯಿತು.

ಗೂಡು ಬೆಳೆದ ತಿಬ್ಬೇಗೌಡರು ಮನೆಗೇ ಬಂದರು. "ತಾಯಮ್ಮ, ಇನ್ನೊಂದ್ಸಲ ಹರಾಜು ತಪ್ತು ಅಂದ್ರೆ ನಿನ್ ಟೆಂಪೊಗೆ ಊರಲ್ಲಿ ಯಾರೂ ಗೂಡು ಹಾಕಲ್ಲ, ನೋಡು."

ಆ ಮನೆಯ ಒಲೆ ಉರಿಯುತ್ತಿದ್ದದ್ದೇ ಆ ಟೆಂಪೊದಿಂದ. ತಾಯಮ್ಮನಿಗೆ ಬಯ್ಯುವ ಶಕ್ತಿಯೂ ಉಳಿಯಲಿಲ್ಲ. ಮಗನಿಗೆ ಮುದ್ದೆ ಇಕ್ಕಿ, ಪಕ್ಕದಲ್ಲಿ ಕೂತು ಮೆಲ್ಲಗೆ ಹೇಳಿದಳು. "ಕೆಂಪಿನ ಸವಾಸನೇ ಬ್ಯಾಡ ಮಗ. ಬೆಳಿಗ್ಗೆ ಎದ್ದು ಫೋನು ನೋಡು. ಐದೂ ಹಸ್ರಾಗಿದ್ರೆ ಯಾರಿಗೂ ಕಾಯ್ಬ್ಯಾಡ, ಏನೂ ಕೇಳ್ಬ್ಯಾಡ, ಹೊಂಟ್ಬುಡು!"

"ಆಯ್ತವ್ವ!"

ಮಾರನೇ ಬೆಳಿಗ್ಗೆ ತಾಯಮ್ಮ ಗೌಡರ ಮನೆಗೆ ಹೋಗಿ ತಾನೇ ನಿಂತು ಗೂಡನ್ನು ಚೀಲಕ್ಕೆ ತುಂಬಿಸಿದಳು. ಊರಿನ ಚೀಲವೆಲ್ಲ ಅವರ ಜಗುಲಿಗೆ ಬಂತು. ಟೆಂಪೊ ಬರಲಿಲ್ಲ. ಬಿಸಿಲೇರಿತು, ಗೌಡರ ಮುಖ ಗಂಟಾಯಿತು. ತಾಯಮ್ಮ ಮಗನಿಗೆ ಫೋನು ಮಾಡಿದಳು.

"ಎಲ್ಲಿದ್ದೀಯ್ಲಾ?"

"ಮಾರ್ಕೆಟ್ಟಲ್ಲಿವ್ನಿ ಕಣವ್ವ! ಇವತ್ತು ನಾನೇ ಫಸ್ಟು! ಎಲ್ಲೂ ನಿಲ್ಸಿಲ್ಲ, ಬೊಟ್ಟು ಐದೂ ಹಸ್ರು!"

"ಲೋ, ಗೂಡು ಇಲ್ಲೇ ಅದೆಯಲ್ಲೋ!"

ಕೆಂಚೀರ ಇಳಿದು ಹಿಂದಿನ ಬಾಗಿಲು ತೆಗೆದು ನೋಡಿದ. ಖಾಲಿ! ತಲೆ ಕೆರೆದುಕೊಂಡ.

"ಗೂಡಿಗೆ ನೀನು ಸೆನ್ಸರ್ ಹಾಕ್ಸೇ ಇಲ್ವಲ್ಲವ್ವ!"